ಹದಿನಾಲ್ಕನೆಯ ತುಂಡು

ಒಂಬತ್ತನೆಯ ಬಟ್ಟಲನ್ನು ಒರೆಸಿ ಕಪಾಟಿಗೆ ಸೇರಿಸುವ ಹೊತ್ತಿಗೆ ಒಂಬತ್ತನೆಯ ತುಂಡೂ ಮುಗಿಯಿತು.

"ತೊಮ್ಮಾ, ಡಿಸ್ಕ್ ಬದಲಾಯಿಸು ಅಂತಿದೆ!" ಒಳಕೋಣೆಯಿಂದ ಫೊಕ್ಕೊ ಕೂಗಿದ.

"ಅನ್ನಲಿ ಬಿಡು. ಕೈ ಒದ್ದೆ ಇದೆ."

"ಕಾಯಿಸಿದರೆ ಅದಕ್ಕೆ ಕೋಪ ಬರುತ್ತೆ ಮಾರಾಯ್ತಿ."

"ಹದಿನಾರು ವರ್ಷದ ಯಂತ್ರಕ್ಕೆ ಅಷ್ಟು ಕೋಪವೇ? ನನಗೆ ಎಪ್ಪತ್ತು ಆಯ್ತು. ನನ್ನ ಕೋಪ ಯಾರಾದ್ರೂ ಕೇಳ್ತಾರಾ?"

ಕೈ ಒರೆಸಿಕೊಂಡು ಹೋಗಿ ಡಿಸ್ಕ್ ಬದಲಾಯಿಸಿದೆ. ಹಳೆಯ ಅಮಿಗಾ ಕಂಪ್ಯೂಟರ್ ಗೊರಗೊರ ಎನ್ನುತ್ತ ಹತ್ತನೆಯ ತುಂಡನ್ನು ಅರೆಯಲು ಹಿಡಿಯಿತು. ನಾನು ನಮ್ಮ ಕಂಪ್ಯೂಟರ್ ಸಂಘದ ಹಿಂದಿನ ದಿನದ ಸಭೆಯ ಬಟ್ಟಲುಗಳಿಗೆ ಮರಳಿದೆ. ಒಂದು ತುಂಡಿಗೆ ಒಂದು ಬಟ್ಟಲು, ಒಂದು ಚಮಚ, ಒಂದು ತಟ್ಟೆ. ಆ ಯಂತ್ರದ ಜೊತೆ ಕೆಲಸ ಮಾಡುವವರು ಬೇರೆ ಕೆಲಸವನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕು.

ಮೂವತ್ತೊಂದು ವರ್ಷ ವಿಮಾ ಕಂಪನಿಗೋಸ್ಕರ ಸುಟ್ಟ ಕೊಟ್ಟಿಗೆಗಳ ಬೂದಿ ಕೆದಕಿದವಳು ನಾನು. ಬೆಂಕಿ ತಾನಾಗಿ ಹತ್ತಿತೋ, ಯಾರಾದರೂ ಹಚ್ಚಿದರೋ ಎಂದು ಹೇಳುವುದು ನನ್ನ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೂ ಜನ ಬೂದಿ ತರುವುದನ್ನು ಬಿಟ್ಟಿಲ್ಲ. ವೀಬ್ಕೆ ತ್ಯಾಡೆನ್ ತಂದದ್ದು ಒಂದು ವಕೀಲರ ಕಾಗದ.

ವೀಬ್ಕೆಯ ಗಂಡ ಓನ್ನೊ ಬರೆದ ಎಡಿಟರ್ ಪ್ರೋಗ್ರಾಮಿನ ಹೆಸರು ‘ಕೊಕ್ಕರೆ’. ಪಠ್ಯ ಬರೆಯಲು, ತಿದ್ದಲು, ತಿದ್ದಿದ್ದನ್ನು ಹಿಂದಕ್ಕೆ ಪಡೆಯಲು. ಹನ್ನೆರಡು ವರ್ಷದ ಹಿಂದೆ ಅದನ್ನು ಯಾರು ಬೇಕಾದರೂ ಬಳಸಿ, ಯಾರಿಗೆ ಬೇಕಾದರೂ ಕೊಡಿ ಎಂದು ಲೋಕಕ್ಕೆ ಬಿಟ್ಟುಬಿಟ್ಟ. ಓನ್ನೊ ಸತ್ತು ಮೂರು ವರ್ಷ. ಈಗ ಗೆರ್ನೊಟ್ ಫಾಲ್ಕೆನ್‌ರಾಥ್ ಎಂಬವನು ಅದು ತನ್ನದು, ಓನ್ನೊ ಕದ್ದ ಎನ್ನುತ್ತಿದ್ದಾನೆ. ಹೌದು, ನನ್ನ ಗಂಡ ಕದ್ದಿದ್ದ, ಇನ್ನು ಮುಂದೆ ಯಾರಿಗೂ ಹಂಚುವುದಿಲ್ಲ ಎಂದು ವೀಬ್ಕೆ ಸಹಿ ಹಾಕಿಕೊಡಬೇಕು. ಸೋಮವಾರದೊಳಗೆ. ಇಲ್ಲವಾದರೆ ನ್ಯಾಯಾಲಯ.

ಸಹಿ ಹಾಕುವುದಿಲ್ಲ ಎಂಬ ಉತ್ತರವನ್ನು ವೀಬ್ಕೆ ಬರೆದು ಐದು ವಾರವಾಗಿತ್ತು. ಕಳಿಸಿರಲಿಲ್ಲ. ಯಾಕೆ ಎಂದರೆ "ಇನ್ನೊಂದು ದಿನ" ಎನ್ನುತ್ತಿದ್ದಳು. ಆ ‘ಇನ್ನೊಂದು ದಿನ’ ನನ್ನನ್ನು ವಕೀಲರ ಕಾಗದಕ್ಕಿಂತ ಹೆಚ್ಚು ಕಾಡುತ್ತಿತ್ತು.

ಈಗ ಅವಳು ಯಂತ್ರದ ಪಕ್ಕದಲ್ಲಿ ಕೋಟು ಕೂಡ ಬಿಚ್ಚದೆ ಕುಳಿತಿದ್ದಳು. ಚಹಾ ಕೊಟ್ಟರೆ ಬೇಡ ಎಂದಳು. ನಮ್ಮ ಲೇರ್ ಊರಿನಲ್ಲಿ ಯಾರಾದರೂ ಚಹಾ ಬೇಡ ಎಂದರೆ ವೈದ್ಯರಿಗೆ ಹೇಳಿಕಳಿಸಬೇಕು.

"ಹದಿಮೂರೂ ಸರಿಯಾಗಿ ಬಂದರೆ?" ಎಂದು ಕೇಳಿದಳು.

"ಬಂದರೆ ಹದಿಮೂರು ಓನ್ನೊನದು ಅಂತ ಗೊತ್ತಾಗುತ್ತೆ."

"ಹದಿನಾಲ್ಕನೆಯದು?"

ನಾನು ಮುಂದಿನ ಬಟ್ಟಲನ್ನು ಒರೆಸಲು ಹಿಡಿದೆ.

ಮನುಷ್ಯರು ಓದುವ ಬರಹವನ್ನು ಯಂತ್ರ ನುಂಗುವ ಹಿಟ್ಟಾಗಿ ಬೀಸುವ ಗಿರಣಿಯೇ ಕಂಪೈಲರ್. ಓನ್ನೊ ತನ್ನ ಎಡಿಟರನ್ನು ಹದಿನಾಲ್ಕು ತುಂಡುಗಳಾಗಿ ಬೀಸಿ ಕೊನೆಗೆ ಒಂದಾಗಿ ಕಲಸಿದ್ದ. ಅವನು ಹಂಚಿದ ಡಿಸ್ಕಿನಲ್ಲಿ ಹದಿಮೂರು ತುಂಡುಗಳಿಗೆ ಮೂಲ ಬರಹವೆಂಬ ಧಾನ್ಯವೂ ಇತ್ತು, ಹಿಟ್ಟೂ ಇತ್ತು. ಹದಿನಾಲ್ಕನೆಯದಕ್ಕೆ ಹಿಟ್ಟು ಮಾತ್ರ. ತಿದ್ದಿದ್ದನ್ನು ಹಿಂದಕ್ಕೆ ಪಡೆಯುವ ಭಾಗ ಅದು, ಕೊಕ್ಕರೆಯ ಎದೆ. ಅದರ ಮೂಲ ಬರಹ ಕೊಡಿ ಎಂದು ಎಲ್ಲೆಲ್ಲಿಂದಲೋ ಜನ ಓನ್ನೊಗೆ ಬರೆದರು. ಅವನು ಯಾರಿಗೂ ಉತ್ತರಿಸಲಿಲ್ಲ.

ಮೂರು ಗಂಟೆಗೆ ಹದಿಮೂರನೆಯದು ಮುಗಿಯಿತು. ಹೊಸ ಹಿಟ್ಟನ್ನು ಹಳೆಯ ಡಿಸ್ಕಿನ ಹಿಟ್ಟಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆವು. ಹದಿಮೂರರಲ್ಲೂ ಒಂದು ಕಾಳಿನಷ್ಟೂ ವ್ಯತ್ಯಾಸವಿಲ್ಲ.

ಫೊಕ್ಕೊ ಬೂಲ್ಸೆನ್ ನಮ್ಮ ಸಂಘದ ಕಾರ್ಯದರ್ಶಿ. ನಲವತ್ತು ವರ್ಷ ರೈಲ್ವೆಯಲ್ಲಿದ್ದವನು. ಹದಿಮೂರು ಗುರುತುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದ. ಸಂಘದ ಸದಸ್ಯನ ಮೇಲೆ, ಸತ್ತ ಸದಸ್ಯನಾದರೂ ಸರಿ, ಆರೋಪ ಬಂದರೆ ಎರಡೂ ಕಡೆಯವರನ್ನು ಕರೆಸಿ ಕೇಳಬೇಕು, ಬರೆದಿಡಬೇಕು ಎಂದು ನಿಯಮ. ನಿಯಮವಿದ್ದ ಮೇಲೆ ಫೊಕ್ಕೊ ಬಿಡುವವನಲ್ಲ. ಗೆರ್ನೊಟ್‌ಗೂ ಪತ್ರ ಹೋಗಿತ್ತು.

ಬಾಗಿಲು ತೆರೆಯಿತು.

"ಮೋಯಿನ್," ಎಂದ ಗೆರ್ನೊಟ್. ನಮ್ಮ ನಮಸ್ಕಾರವನ್ನು ಹದಿನಾಲ್ಕು ವರ್ಷ ಈ ಊರಲ್ಲಿದ್ದೂ ಅವನು ಬಾಯಿ ತುಂಬ ಹೇಳಲು ಕಲಿಯಲಿಲ್ಲ. ಕಾಸೆಲ್ ಕಡೆಯವನು. ಇಲ್ಲಿಂದ ಹನೋವರ್‌ಗೆ ಹೋಗಿ ಕಂಪನಿ ಕಟ್ಟಿದವನು. ಒಳ್ಳೆಯ ಕೋಟು, ಕೈಯಲ್ಲಿ ಕಾಗದದ ಲೋಟದಲ್ಲಿ ಕಾಫಿ.

"ವೀಬ್ಕೆ ಅವರೇ, ಪೆನ್ನು ನಾನೇ ತಂದಿದ್ದೀನಿ. ಇಲ್ಲೇ ಸಹಿ ಹಾಕಿಬಿಟ್ಟರೆ ಅಂಚೆಯ ಖರ್ಚೂ ಉಳಿಯುತ್ತೆ."

ವೀಬ್ಕೆ ತಲೆ ಎತ್ತಲಿಲ್ಲ.

"ಕೂತ್ಕೊಳ್ಳಿ ಸ್ವಾಮಿ," ಎಂದೆ. "ಪೆನ್ನು ಜೇಬಲ್ಲೇ ಇರಲಿ. ನಿಮ್ಮ ಮೂಲ ಬರಹ ತಂದ್ರಾ?"

"ತಂದಿದ್ದೀನಿ. ಹದಿನಾಲ್ಕು ತುಂಡು ಅದೂ ಇದೂ ಇಲ್ಲ. ಒಂದೇ ಕಡತ. ಮೊದಲಿಂದ ಕೊನೆವರೆಗೆ ಒಂದೇ ಉಸಿರಲ್ಲಿ ಬರೆದದ್ದು."

"ಫೊಕ್ಕೊ, ಇವರ ಪ್ರಮಾಣಪತ್ರ ಓದು."

ಫೊಕ್ಕೊ ಕನ್ನಡಕ ಏರಿಸಿ, ರೈಲಿನ ಹೊತ್ತು ಸಾರುವ ಗಂಟಲಲ್ಲಿ ಓದಿದ: "ನಾನು ಸದರಿ ಎಡಿಟರನ್ನು ಸಾವಿರದ ಒಂಬೈನೂರ ತೊಂಬತ್ತನೆಯ ಇಸವಿಯ ವಸಂತದಲ್ಲಿ, ಅರ್ಧ ಮೆಗಾಬೈಟ್ ಮೆಮೊರಿಯ ನನ್ನ ಅಮಿಗಾದಲ್ಲಿ, ಯಾವ ಹೆಚ್ಚುವರಿ ಕಾರ್ಡೂ ಇಲ್ಲದೆ, ಯಾರ ನೆರವೂ ಇಲ್ಲದೆ, ಒಂದೇ ಕಡತವಾಗಿ ಬರೆದು ಕಂಪೈಲ್ ಮಾಡಿದೆನೆಂದು ಪ್ರಮಾಣ ಮಾಡುತ್ತೇನೆ."

"ನಿಮ್ಮದೇ ಮಾತು ತಾನೇ?"

"ನನ್ನದೇ. ಆಗಿನ ಕಾಲದಲ್ಲಿ ನಾವು ಕಡಿಮೆಯಲ್ಲೇ ದೊಡ್ಡದು ಮಾಡ್ತಿದ್ವಿ."

"ಹಾಗಾದ್ರೆ ಈಗಲೂ ಮಾಡಿ. ಇದು ಅದೇ ಯಂತ್ರ, ಅದೇ ಅರ್ಧ ಮೆಗಾಬೈಟು. ಹೊಟ್ಟೆ ಅಡಿಯ ಮೆಮೊರಿ ಕಾರ್ಡನ್ನ ಬೆಳಿಗ್ಗೆ ಫೊಕ್ಕೊ ತೆಗೆದಿಟ್ಟಿದ್ದಾನೆ. ಬೇಕಾದ್ರೆ ಬಗ್ಗಿ ನೋಡ್ಕೊಳ್ಳಿ."

ಅವನು ನಕ್ಕ. ನಗುತ್ತಲೇ ಡಿಸ್ಕ್ ಹಾಕಿ ಆಜ್ಞೆ ಟೈಪ್ ಮಾಡಿದ. ಬೆರಳುಗಳು ಮರೆತಿರಲಿಲ್ಲ, ಅದನ್ನು ಒಪ್ಪಬೇಕು.

ಯಂತ್ರ ಗೊರಗುಟ್ಟಿತು. ಒಂದು ನಿಮಿಷ. ಎರಡು. ಎರಡೂವರೆ ನಿಮಿಷಕ್ಕೆ ಸದ್ದು ನಿಂತಿತು. ಪರದೆಯ ಮೇಲೆ ಒಂದೇ ಸಾಲು: ಮೆಮೊರಿ ಸಾಲದು.

"ಇನ್ನೊಂದು ಸಲ," ಎಂದ.

"ನೂರು ಸಲ ಮಾಡಿ. ಬಟ್ಟಲು ಇನ್ನೂ ಇವೆ ನನ್ನ ಹತ್ರ."

ಇನ್ನೊಂದು ಸಲ. ಅದೇ ಎರಡೂವರೆ ನಿಮಿಷ, ಅದೇ ಸಾಲು. ಫೊಕ್ಕೊನ ಪೆನ್ನಿನ ಸದ್ದು ಕೇಳಿಸುತ್ತಿತ್ತು.

"ಓನ್ನೊ ಯಾಕೆ ಹದಿನಾಲ್ಕು ತುಂಡು ಮಾಡಿದ ಅಂತ ಈಗ ತಿಳೀತಾ?" ಎಂದೆ. "ಈ ಯಂತ್ರದ ಬಾಯಿ ಚಿಕ್ಕದು. ತುತ್ತು ಮಾಡಿ ಉಣ್ಣಿಸಬೇಕು. ಇದರ ಮುಂದೆ ಕೂತು ಬರೆದವನಿಗೆ ಅದು ಮೊದಲ ವಾರವೇ ಗೊತ್ತಾಗುತ್ತೆ. ದೊಡ್ಡ ಯಂತ್ರದಲ್ಲಿ ಎಲ್ಲ ತುಂಡು ಸೇರಿಸಿ ಒಂದು ಮಾಡಿದವನಿಗೆ ಗೊತ್ತಾಗೋದಿಲ್ಲ."

"ಹಳೇ ಮಾತು. ಕಾರ್ಡ್ ಇತ್ತೋ ಏನೋ. ಮರೆತಿರಬಹುದು."

"ಮರೆತದ್ದನ್ನ ಪ್ರಮಾಣ ಮಾಡಿ ಬರೆದ್ರಾ?"

ಅವನು ಕಾಫಿಯ ಲೋಟವನ್ನು ಕೆಳಗಿಟ್ಟ. ಮುಖ ಕೆಂಪಾಗಿತ್ತು. ಆದರೆ ಸೋತ ಮನುಷ್ಯನ ಕೆಂಪಲ್ಲ ಅದು. ಸುಟ್ಟ ಕೊಟ್ಟಿಗೆಗಳ ಮುಂದೆ ನಿಂತು ಅಂಥ ಮುಖಗಳನ್ನು ನೋಡಿದ್ದೇನೆ. ಇನ್ನೂ ಒಂದು ಬಾಗಿಲಿದೆ ಎಂದು ಗೊತ್ತಿರುವವರ ಮುಖ.

"ಆಯ್ತು ಅಜ್ಜಿ. ಹದಿಮೂರರ ಲೆಕ್ಕ ನೀವೇ ಇಟ್ಕೊಳ್ಳಿ. ಹದಿನಾಲ್ಕನೆಯ ತುಂಡಿನ ಬರಹ ಈ ಲೋಕದಲ್ಲಿ ಯಾರ ಹತ್ರ ಇದೆ? ಓನ್ನೊನ ಡಿಸ್ಕಲ್ಲಿ ಇದೆಯಾ? ಅವನ ಮೇಜಲ್ಲಿ ಸಿಕ್ತಾ? ಇಲ್ಲ. ನನ್ನ ಕಡತದ ಕೊನೆಯಲ್ಲಿದೆ. ಕತ್ತರಿಸಿ ತೆಗೀರಿ. ಬೀಸಿ ನೋಡಿ."

ಕತ್ತರಿಸಿ ತೆಗೆದೆ. ಆ ತುಂಡನ್ನು ಮಾತ್ರ ಯಂತ್ರಕ್ಕೆ ಕೊಟ್ಟೆ. ಅದು ತಕರಾರಿಲ್ಲದೆ ಅರೆಯಿತು. ಹೊಸ ಹಿಟ್ಟನ್ನು ಹನ್ನೆರಡು ವರ್ಷದ ಹಿಂದಿನ ಡಿಸ್ಕಿನ ಹಿಟ್ಟಿನ ಜೊತೆ ಹೋಲಿಸಿದೆವು.

ಒಂದೇ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ.

ಫೊಕ್ಕೊ ಬರೆಯುವುದನ್ನು ನಿಲ್ಲಿಸಿದ.

"ಬರೀರಿ ಕಾರ್ಯದರ್ಶಿಗಳೇ," ಎಂದ ಗೆರ್ನೊಟ್. "ಎರಡೂ ಕಡೆ ಬರೀಬೇಕು ಅಂತ ತಾನೇ ನಿಮ್ಮ ನಿಯಮ? ಕೊಕ್ಕರೆಯ ಎದೆ ನನ್ನದು. ಎದೆ ಕದ್ದವನು ಕಳ್ಳನೇ."

ವೀಬ್ಕೆಯ ಕೈಗಳು ಕೋಟಿನ ಜೇಬಿನೊಳಗೆ ಇದ್ದವು. ಅವಳ ಐದು ವಾರದ ಪತ್ರ ಅಲ್ಲೇ ಇದೆ ಎಂದು ನನಗೆ ಗೊತ್ತಿತ್ತು.

ಬೂದಿ ಕೆದಕುವವಳಿಗೆ ಅವಸರ ಬರಬಾರದು. ಆ ತುಂಡಿನ ಮೂಲ ಬರಹವನ್ನು ಪರದೆಗೆ ತಂದು ಮೇಲಿನಿಂದ ಓದಲು ಹಿಡಿದೆ. ನಾನು ಈ ವಿದ್ಯೆ ಕಲಿತದ್ದು ಅರವತ್ತು ದಾಟಿದ ಮೇಲೆ, ಸಂಜೆ ಶಾಲೆಯಲ್ಲಿ. ಆದ್ದರಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತೇನೆ. ಜಾಣರು ಬೇಗ ಓದುತ್ತಾರೆ, ಹೆಸರುಗಳನ್ನು ಹಾರಿಸುತ್ತಾರೆ.

ಪ್ರೋಗ್ರಾಮ್ ಬರೆಯುವವರು ಒಳಗಿನ ಡಬ್ಬಿಗಳಿಗೆ ತಮಗೆ ತೋಚಿದ ಹೆಸರಿಡುತ್ತಾರೆ. ಓನ್ನೊನ ಹದಿಮೂರು ತುಂಡುಗಳಲ್ಲಿ ಎಲ್ಲವೂ ಒಂದಕ್ಷರ, ಎರಡಕ್ಷರ. ಮಾತಿನಲ್ಲೂ ಹಾಗೆಯೇ ಇದ್ದ ಮನುಷ್ಯ. ಇಲ್ಲಿ ಹಾಗಿರಲಿಲ್ಲ, ಎಲ್ಲ ನಮ್ಮೂರಿನ ಮಾತುಗಳು. ಮೊದಲನೆಯ ಡಬ್ಬಿಯ ಹೆಸರು ಕ್ಲುಂಟ್ಯೆ. ಎರಡನೆಯದು ತೇ. ಮೂರನೆಯದು ವುಲ್ಕ್ಯೆ.

"ಗೆರ್ನೊಟ್ ಅವರೇ, ಕ್ಲುಂಟ್ಯೆ ಅಂದ್ರೆ ಏನು?"

"ಕಲ್ಲುಸಕ್ಕರೆ. ಅಷ್ಟೂ ಗೊತ್ತಿಲ್ವೇ ನನಗೆ?"

"ತೇ?"

"ಚಹಾ. ಇದೇನು ಮಕ್ಕಳ ಪರೀಕ್ಷೆಯಾ?"

"ವುಲ್ಕ್ಯೆ?"

ಅವನು ಕಣ್ಣು ಪಿಳುಕಿಸಿದ. "ಅದು... ಸುಮ್ಮನೆ ಒಂದು ಹೆಸರು. ಎಲ್ಲ ಹೆಸರಿಗೂ ಅರ್ಥ ಇರಬೇಕಾ?"

ಫೊಕ್ಕೊ ಮೆಲ್ಲಗೆ "ಅಯ್ಯೋ ದೇವರೇ" ಎಂದ.

"ಚಹಾದ ಮೇಲೆ ಬಿಡುವ ಕೆನೆ ಅದು," ಎಂಬ ಧ್ವನಿ ಬಂತು.

ವೀಬ್ಕೆ. ಎದ್ದು ನಿಂತಿದ್ದಳು.

"ಮೊದಲು ಕಲ್ಲುಸಕ್ಕರೆ. ಅದು ತಳದಲ್ಲಿ ಕೂತಿರುತ್ತೆ, ಕರಗೋಕೆ ಅವಸರ ಇಲ್ಲ. ಅದು ನೀವು ಬರೆದ ಮೊದಲ ಪಠ್ಯ. ಅದರ ಮೇಲೆ ಚಹಾ. ಅದು ನೀವು ಮಾಡಿದ ತಿದ್ದುಪಡಿಗಳು. ಎಲ್ಲಕ್ಕಿಂತ ಮೇಲೆ ಕೆನೆಯ ಮೋಡ. ಅದು ಕಟ್ಟಕಡೆಯ ತಿದ್ದುಪಡಿ. ಹಿಂದಕ್ಕೆ ಪಡೀಬೇಕು ಅಂದ್ರೆ ಮೇಲಿನ ಮೋಡ ಮಾತ್ರ ಎತ್ತಬೇಕು. ಕೆಳಗಿನದನ್ನ ಕಲಕಬಾರದು. ಇಪ್ಪತ್ತೇಳನೆಯ ಸಾಲು ನೋಡು ತೊಮ್ಮಾ. ಅಲ್ಲಿ ಒಂದು ಟಿಪ್ಪಣಿ ಇದೆ."

ಬೆರಳಿಟ್ಟು ಎಣಿಸಿದೆ. ಇಪ್ಪತ್ತೇಳನೆಯ ಸಾಲಿನಲ್ಲಿ ಎರಡೇ ಮಾತು: ಕಲಕಬೇಡಿ, ಅಸಭ್ಯ.

ನಮ್ಮೂರಲ್ಲಿ ಚಹಾ ಕಲಕುವವರಿಗೆ ಹೇಳುವ ಮಾತದು; ನಗು ಬಂತು. ತಡೆದುಕೊಂಡೆ.

"ಪರದೆ ನೋಡದೆ ನಿನಗೆ ಹೇಗೆ ಗೊತ್ತು?"

"ಬರೆದದ್ದು ನಾನು."

ಫೊಕ್ಕೊ ಮತ್ತೆ ಪೆನ್ನು ಎತ್ತಿಕೊಂಡ.

"ಮಂಗಳವಾರ ಮಂಗಳವಾರ ಸಂಜೆ ಶಾಲೆ," ಎಂದಳು ವೀಬ್ಕೆ. "ಓನ್ನೊಗೆ ಹೊಲಿಗೆ ತರಗತಿ ಅಂತ ಹೇಳಿದ್ದೆ. ಕಲಿತು ಅವನಿಗೆ ಒಂದು ದಿನ ತೋರಿಸಿ ಬಾಯಿ ತೆರೆಸಬೇಕು ಅಂತಿತ್ತು. ತೊಂಬತ್ತೊಂದರ ಮೇ ತಿಂಗಳಲ್ಲಿ ಇದನ್ನ ಬರೆದು ಮೇಷ್ಟ್ರ ಕೈಗೆ ಕೊಟ್ಟೆ, ನೋಡಿ ಹೇಳಿ ಅಂತ. ಇದ್ದದ್ದು ಅದೊಂದೇ ಡಿಸ್ಕ್. ಮೇಷ್ಟ್ರು ಮುಂದಿನ ವಾರ ಅಂದ್ರು: ಅಡುಗೆಮನೆಯ ಕೆಲಸ ಅಡುಗೆಮನೆಗೆ ಸಾಕು ತಾಯಿ, ಇದು ಪ್ರಯೋಜನಕ್ಕೆ ಬರಲ್ಲ. ಡಿಸ್ಕ್ ಕೇಳಿದೆ. ಅಳಿಸಿಬಿಟ್ಟೆ ಅಂದ್ರು."

"ಮೇಷ್ಟ್ರು ಯಾರು?" ಎಂದು ಕೇಳಿದೆ. ಉತ್ತರ ಅದೇ ಕೋಣೆಯಲ್ಲಿ ನಿಂತಿತ್ತು, ಒಳ್ಳೆಯ ಕೋಟಿನಲ್ಲಿ.

"ಸಾಕ್ಷಿ?" ಎಂದ ಗೆರ್ನೊಟ್.

"ನೀವೇ," ಎಂದಳು ವೀಬ್ಕೆ. "ವುಲ್ಕ್ಯೆ ಅಂದ್ರೇನು ಅಂತ ಗೊತ್ತಿಲ್ಲದೆ ಅದರ ಮೇಲೆ ಹಕ್ಕು ಹೂಡಿದ್ದೀರಿ."

"ನ್ಯಾಯಾಧೀಶರು ಕೆನೆ ಎಣಿಸೋದಿಲ್ಲ."

"ಎಣಿಸ್ತಾರೋ ಇಲ್ವೋ ಅಲ್ಲೇ ನೋಡೋಣ. ಹನ್ನೆರಡು ವರ್ಷ ನಾನು ಪೆದ್ದಿ ಅಂದ್ಕೊಂಡು ಬದುಕಿದ್ದೀನಿ. ಇನ್ನು ನಿಮಗೆ ಹೆದರೋ ಶಕ್ತಿ ಉಳಿದಿಲ್ಲ ನನ್ನ ಹತ್ರ. ಹೋಗಿ, ಪೆನ್ನು ಮರೀಬೇಡಿ."

ಅವನು ಡಿಸ್ಕನ್ನು ಕಿತ್ತುಕೊಂಡ. ಪ್ರತಿ ಆಗಲೇ ನಮ್ಮ ಬಳಿ ಇತ್ತು. ಫೊಕ್ಕೊ ಅದರ ಸಮಯವನ್ನೂ ಬರೆದುಕೊಂಡಿದ್ದ. ಬಾಗಿಲಿನಲ್ಲಿ ನಿಂತು ಗೆರ್ನೊಟ್ ತಿರುಗಿದ. ಈ ಸಲ ನಗುತ್ತಿರಲಿಲ್ಲ.

"ಒಂದು ಕೇಳ್ಕೊಳ್ಳಿ. ಕೊಕ್ಕರೆ ಹೊರಗೆ ಬಂದದ್ದು ಆಗಸ್ಟ್‌ನಲ್ಲಿ. ಓನ್ನೊ ಜುಲೈ, ಆಗಸ್ಟ್ ಎರಡು ತಿಂಗಳೂ ಆಸ್ಪತ್ರೆಯಲ್ಲಿದ್ದ, ಎರಡೂ ಮುಂಗೈ ಮುರಿದುಕೊಂಡು. ಹಾಗಾದ್ರೆ ಹದಿನಾಲ್ಕನೆಯ ತುಂಡನ್ನ ಉಳಿದ ಹದಿಮೂರರ ಜೊತೆ ಸೇರಿಸಿದ ಕೈ ಯಾವುದು? ನನ್ನದಂತೂ ಅಲ್ಲ. ನಾನು ಸೇರಿಸಿದ್ದರೆ ಓನ್ನೊನ ಹೆಸರು ಹಾಕ್ತಿದ್ನಾ?"

ಬಾಗಿಲು ಮುಚ್ಚಿತು.

ಅವನು ಸುಳ್ಳ. ಆದರೆ ಆ ಮಾತು ಸುಳ್ಳಿರಲಾರದು. ಕದ್ದವನು ಕದ್ದದ್ದರ ಮೇಲೆ ಬೇರೆಯವನ ಹೆಸರು ಯಾಕೆ ಬರೆದಾನು?

"ಕೈ ಮುರಿದದ್ದು ನಿಜವಾ?"

"ನಿಜ," ಎಂದಳು ವೀಬ್ಕೆ. "ಏರಿಯ ಮೇಲೆ ಸೈಕಲಿಂದ ಬಿದ್ದದ್ದು. ನಾನೇ ಊಟ ಮಾಡಿಸ್ತಿದ್ದೆ. ಬೀಳೋಕೆ ಮೊದಲೇ ಎಲ್ಲ ಮುಗಿಸಿ ಕೊಟ್ಟಿದ್ದ ಅಂದ್ಕೊಂಡಿದ್ದೆ. ಹಿಂದಕ್ಕೆ ಪಡೆಯೋದು ಅವನಿಗೂ ಹೊಳೆದಿರಬೇಕು ಅಂತ. ಒಳಗೆ ಏನಿದೆ ಅಂತ ನೋಡೋಕೆ ಬರಹವೇ ಇರಲಿಲ್ಲವಲ್ಲ. ಒಂದೇ ಸಲ ಅಂದಿದ್ದ, ಇದರಲ್ಲಿ ಚೆನ್ನಾಗಿರೋ ಭಾಗ ನನ್ನದಲ್ಲ ಕಣೇ ಅಂತ. ವಿನಯ ಅಂದ್ಕೊಂಡೆ."

"ವಕೀಲರ ಕಾಗದ ಬಂದ ಮೇಲೆ?"

"ಆ ತುಂಡಿನ ಬರಹ ತನ್ನ ಹತ್ರ ಇದೆ ಅಂತ ಅದರಲ್ಲಿ ಬರೆದಿದ್ದ. ಅವತ್ತೇ ಅನುಮಾನ ಬಂತು. ನನ್ನದೇ ಆಗಿದ್ರೆ ಅದು ಓನ್ನೊನ ಕೈಗೆ ಹೇಗೆ ಹೋಯ್ತು? ಅವನೂ ಇದರಲ್ಲಿ ಸೇರಿದ್ದನಾ? ಅದಕ್ಕೇ ಕಳಿಸಲಿಲ್ಲ ತೊಮ್ಮಾ. ಗೆರ್ನೊಟ್‌ಗೆ ಹೆದರಿ ಅಲ್ಲ."

ಐದು ವಾರದ ‘ಇನ್ನೊಂದು ದಿನ’ದ ಅರ್ಥ ಅದು.

"ಫೊಕ್ಕೊ," ಎಂದೆ, "ತೊಂಬತ್ತೊಂದರ ನಡಾವಳಿ ತೆಗಿ. ಹೊಸ ಡಿಸ್ಕ್ ಸಂಘಕ್ಕೆ ಯಾರು ತಂದುಕೊಟ್ಟರೂ ನೀನು ಬರೆದಿಡ್ತೀಯ. ಕೊಕ್ಕರೆ ತಂದವರು ಯಾರು?"

"ಅಷ್ಟು ಹಳೇದು ಯಾಕೆ ಈಗ?" ಎಂದ ಫೊಕ್ಕೊ.

ಅವನ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಹಳೆಯ ನಡಾವಳಿ ಕೇಳುವವರು ಸಿಕ್ಕರೆ ಊಟ ಬಿಟ್ಟು ತೋರಿಸುವ ಮನುಷ್ಯ.

"ತೆಗಿ ಅಂದೆ."

ನಡಾವಳಿ ಕಪಾಟಿನ ಬೀಗದ ಕೈ ಇರುವುದು ಒಂದೇ, ಅದು ಇರುವುದು ಫೊಕ್ಕೊನ ಗಡಿಯಾರದ ಸರಪಳಿಯಲ್ಲಿ. ತೆಗೆದ. ಪುಸ್ತಕ ಕೊಟ್ಟ. ಜೂನ್, ಜುಲೈ, ಸೆಪ್ಟೆಂಬರ್.

ಆಗಸ್ಟ್ ಇರಲಿಲ್ಲ. ಹಾಳೆ ಹರಿದಿರಲಿಲ್ಲ, ಅಳತೆಪಟ್ಟಿ ಇಟ್ಟು, ಹರಿತವಾದ ಅಲಗಿನಲ್ಲಿ, ಬುಡಕ್ಕೆ ಸರಿಯಾಗಿ ಕತ್ತರಿಸಿ ತೆಗೆದಿದ್ದರು. ಎಷ್ಟು ಅಚ್ಚುಕಟ್ಟೆಂದರೆ, ಇಡೀ ಸಂಘದಲ್ಲಿ ಗೆರೆಯನ್ನು ಅಷ್ಟು ನೇರವಾಗಿ ಎಳೆಯುವವನು ಒಬ್ಬನೇ.

"ಫೊಕ್ಕೊ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ. "ನೀರು ಬಿದ್ದಿತ್ತು," ಎಂದ. ಪಕ್ಕದ ಹಾಳೆಗಳು ಗರಿಗರಿಯಾಗಿದ್ದವು.

ನಾನು ಇನ್ನೇನೋ ಕೇಳುವವಳಿದ್ದೆ. ಅಷ್ಟರಲ್ಲಿ ವೀಬ್ಕೆ ಜೇಬಿನಿಂದ ಲಕೋಟೆ ತೆಗೆದು, ಅಂಟು ಬಿಡಿಸಿ, ಫೊಕ್ಕೊನ ಪೆನ್ನನ್ನೇ ಎತ್ತಿಕೊಂಡು, ತನ್ನ ಪತ್ರದ ಕೆಳಗೆ ಮೂರು ಸಾಲು ಸೇರಿಸಿದಳು. ಹೊಸ ಲಕೋಟೆ ಕೇಳಿದಳು. ಕೊಟ್ಟೆ. ಗಡಿಯಾರ ಐದೂವರೆ ತೋರಿಸುತ್ತಿತ್ತು. ಆರಕ್ಕೆ ಅಂಚೆ ಕಚೇರಿ ಮುಚ್ಚುತ್ತದೆ.

ಓಡುವ ವಯಸ್ಸು ನನ್ನದಲ್ಲ, ಆದರೂ ಅವಳ ಹಿಂದೆ ಓಡಿದೆ. ಕಟ್ಟೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

"ವೀಬ್ಕೆ, ಏನು ಸೇರಿಸಿದೆ?"

"ಹದಿಮೂರು ತುಂಡು ನನ್ನ ಗಂಡನದು. ಹದಿನಾಲ್ಕನೆಯದು ನನ್ನದು. ಎರಡೂ ಎಂದಿನಂತೆ ಎಲ್ಲರಿಗೂ ಬಿಟ್ಟದ್ದು, ಸಹಿ ಹಾಕುವುದಿಲ್ಲ."

"ಹಾಗೆ ಬರೆದರೆ ಓನ್ನೊನ ಹೆಸರಲ್ಲಿ ಅವನದಲ್ಲದ್ದು ಇತ್ತು ಅಂತ ನೀನೇ ಒಪ್ಪಿಕೊಂಡ ಹಾಗೆ. ಅದನ್ನೇ ಹಿಡೀತಾರೆ ಅವರ ವಕೀಲರು."

"ಇತ್ತಲ್ಲ. ಇತ್ತೋ ಇಲ್ವೋ?"

"ಇತ್ತು. ಆದರೆ ಸೇರಿಸಿದ್ದು ಯಾರು ಅಂತ ನಮಗಿನ್ನೂ ಗೊತ್ತಿಲ್ಲ. ಅದು ಓನ್ನೊ ಹೇಳಿ ಮಾಡಿಸಿದ್ದಾದ್ರೆ? ಫೊಕ್ಕೊ ಏನೋ ಬಚ್ಚಿಡ್ತಿದ್ದಾನೆ. ಒಂದು ದಿನ ಕೊಡು. ನಾಳೆ ಸಂಜೆಯೊಳಗೆ ಅವನ ಬಾಯಿ ಬಿಡಿಸ್ತೀನಿ. ಆಮೇಲೆ ಕಳಿಸು."

ಅಂಚೆ ಕಚೇರಿಯ ಸಾಲಿನಲ್ಲಿ ನಮ್ಮ ಸರದಿ ಬಂತು. ಕಿಟಕಿಯ ಹಿಂದಿನ ಹೆಂಗಸು ಕೈ ಚಾಚಿದಳು.

"ಓನ್ನೊ ಮಾಡಿಸಿದ್ದಾದ್ರೆ ಅವನ ಮೇಲೆ ನಾನು ಬೇರೆ ಜಗಳ ಆಡ್ತೀನಿ, ಗೋರಿ ಹತ್ರ ಹೋಗಿ," ಎಂದಳು ವೀಬ್ಕೆ. "ಇನ್ನೊಂದು ದಿನ, ಇನ್ನೊಂದು ದಿನ ಅಂತ ಐದು ವಾರ ಅವನನ್ನ ನಾನೇ ಕಳ್ಳನ ಹಾಗೆ ಜೇಬಲ್ಲಿ ಬಚ್ಚಿಟ್ಟಿದ್ದೀನಿ. ಸಾಕು."

"ರಿಜಿಸ್ಟರ್ಡಾ?" ಎಂದು ಕಿಟಕಿಯ ಹೆಂಗಸು ಕೇಳಿದಳು.

"ರಿಜಿಸ್ಟರ್ಡು. ತಲುಪಿದ್ದಕ್ಕೆ ಸಹಿ ಮಾಡಿಸಿ ತರಬೇಕು. ಅವರು ನನ್ನ ಸಹಿ ಕೇಳಿದ್ರು. ಮೊದಲು ಅವರದು ಬರಲಿ."

ಅವಳು ಲಕೋಟೆಯನ್ನು ಗಾಜಿನಡಿಯಿಂದ ಒಳಗೆ ತಳ್ಳಿದಳು. ಮುದ್ರೆ ಬಿತ್ತು.